ಇಲಿಗೆ ಕಷಾಯ ಕುಡಿಸಿದವರು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿದ ಇಲಿಗೆ ಜಾತಕ ಬರೆಸಬೇಕಾಗಿಲ್ಲ. ಊಟಕ್ಕೆ ಕೊರತೆಯಿಲ್ಲ, ಆಯುಸ್ಸಿಗೆ ಖಾತ್ರಿಯಿಲ್ಲ. ಅಕ್ಕಿ ಬೇಳೆ ಮೂಟೆಗಳ ಸಂದಿಯಲ್ಲಿ ಬೆಳೆದು, ಯಾವತ್ತೋ ಸಾಹುಕಾರರು ಮೂಲೆಯಲ್ಲಿಟ್ಟ ಪಾಷಾಣಕ್ಕೆ ಬಾಯಿ ಹಾಕಿ ಮುಗಿಯುತ್ತದೆ. ಪಾಪ ಅಂತ ಅದಕ್ಕೆ ಕಷಾಯ ಕಾಸಿ ಕೊಟ್ಟವರಿಲ್ಲ.

ಆ ಯೋಗವೆಲ್ಲ ಪ್ರಯೋಗಾಲಯದ ಬಿಳಿ ಇಲಿಗೆ. ವಿಸ್ಟಾರ್ ಎಂಬುದು ಅದರ ಮನೆತನ. ಮೂಲ ಅಮೆರಿಕದ ಫಿಲಡೆಲ್ಫಿಯಾ. ದಿನವೂ ಗಿಡಮೂಲಿಕೆಯ ರಸ ಕುಡಿಸಿ ಉಪಚರಿಸುತ್ತಾರೆ, ಮೈತೂಕ ನೋಡಿ ವಿಷವನ್ನೂ ಕೊಡುತ್ತಾರೆ. ಈ ವಿಷ ಬಹಳ ಸಲ ಕಾರ್ಬನ್ ಟೆಟ್ರಾಕ್ಲೋರೈಡ್. ಒಂದು ಕಾಲಕ್ಕೆ ಡ್ರೈ ಕ್ಲೀನಿಂಗಿನವರು ಕೋಟಿನ ಜಿಡ್ಡು ತೆಗೆಯುತ್ತಿದ್ದ ದ್ರವ. ಪಿತ್ತಜನಕಾಂಗ ಅದನ್ನು ಪಳಗಿಸಲು ಹೋಗಿ ಫ್ರೀ ರ್‍ಯಾಡಿಕಲ್ ಎಂಬ ಪುಂಡನನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅವನ ಬಳಿ ಒಂದು ಎಲೆಕ್ಟ್ರಾನಿಗೆ ಜೋಡಿ ಇಲ್ಲ. ಜೀವಕೋಶದ ಪೊರೆಯ ಕೊಬ್ಬಿನಿಂದ ಕಿತ್ತುಕೊಳ್ಳುತ್ತಾನೆ, ಆ ಕೊಬ್ಬು ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ. ಮದುವೆ ಛತ್ರದಲ್ಲಿ ಚಪ್ಪಲಿ ಕಳಕೊಂಡವನು ಇನ್ನೊಬ್ಬನದನ್ನು ಮೆಟ್ಟಿಕೊಂಡು ಹೋದಂತೆ. ಈ ಸರಣಿ ನಿಲ್ಲಬೇಕಾದರೆ ಯಾರಾದರೂ ಒಬ್ಬ ಪುಣ್ಯಾತ್ಮ ತನ್ನ ಜೋಡನ್ನು ಬಿಟ್ಟುಕೊಟ್ಟು ಬರಿಗಾಲಲ್ಲಿ ಮನೆಗೆ ನಡೆಯಬೇಕು. ಆ್ಯಂಟಿ ಆಕ್ಸಿಡೆಂಟ್ ಅಂದರೆ ಅವನೇ. ಗಿಡಮೂಲಿಕೆಯ ರಸದಲ್ಲಿ ಹುಡುಕುವುದೂ ಅವನನ್ನೇ.

ಮೈಸೂರಿಗೆ ಈ ವಿದ್ಯೆ ಹೊಸದಲ್ಲ. 1950ರಿಂದ ಚೆಲುವಾಂಬ ಮಹಲಿನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಅರಿಸಿನ, ಮೆಣಸುಗಳ ಸತ್ವವನ್ನು ಇಲಿಗಳಿಗೆ ತಿನ್ನಿಸಿ ನೋಡಿದ್ದಾರೆ. ನಮ್ಮ ಸಾರಿನ ಪುಡಿಯ ಬಗ್ಗೆ ನಮಗಿಂತ ಆ ಇಲಿಗಳಿಗೇ ಹೆಚ್ಚು ಗೊತ್ತಿರಬೇಕು.

ಕಷ್ಟ ಇರುವುದು ಲೆಕ್ಕದಲ್ಲಿ. ಇಲಿಗೆ ಕೆಜಿ ತೂಕಕ್ಕೆ 200 ಮಿಲಿಗ್ರಾಂ ಗಿಡಮೂಲಿಕೆಯ ಸಾರ ಕೊಟ್ಟರು ಅಂತಿಟ್ಟುಕೊಳ್ಳಿ. ಮನುಷ್ಯನಿಗಾದರೆ ಅದನ್ನು ಸುಮಾರು 6ರಿಂದ ಭಾಗಿಸುವುದು ರೂಢಿ. 60 ಕೆಜಿಯ ಆಸಾಮಿಗೆ 2 ಗ್ರಾಂ ಬಂತು. ಅದು ಸಾರ, ಪುಡಿಯಲ್ಲ. ಪುಡಿಯಲ್ಲಿ ಹತ್ತರಲ್ಲೊಂದು ಪಾಲು ಸಾರ ಇಳಿದರೂ 20 ಗ್ರಾಂ ಬೇಕು. ಅಷ್ಟನ್ನು ಲೋಟಕ್ಕೆ ಸುರಿದರೆ ಕಷಾಯವಲ್ಲ, ಗೊಜ್ಜು.

ಹೆಚ್ಚಾದರೂ ಕಷ್ಟ. ಕಾರ್ಬನ್ ಟೆಟ್ರಾಕ್ಲೋರೈಡ್ ತಿಂದ ಇಲಿಯನ್ನು ಕಾಪಾಡಿದ ಅಮೃತಬಳ್ಳಿಯನ್ನು ಕೊರೋನಾ ಕಾಲದಲ್ಲಿ ಜನ ಹಿಂದುಮುಂದು ನೋಡದೆ ಕುಡಿದರು. ಅವರಲ್ಲಿ ಕೆಲವರ ಲಿವರ್ ಕೆಟ್ಟದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಇಲಿಗಳನ್ನು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ತಲೆಯಲ್ಲಿದ್ದರೂ ಗ್ರಂಧಿಗೆ ಅಂಗಡಿಯ ಮುಂದೆ ನಿಂತರೆ ಶಾಸ್ತ್ರ ಮರೆಯುತ್ತದೆ. ಒಣಶುಂಠಿ, ಜೇಷ್ಠಮಧು, ಹಿಪ್ಪಲಿ ಎಲ್ಲ ಸೇರಿ ಮೂಗಿಗೆ ಹತ್ತುವ ಆ ಘಮಲಿಗೇ ಅರ್ಧ ಕಾಯಿಲೆ ಹೋಗಬೇಕು. ಮೊನ್ನೆ ನನ್ನ ಮುಂದಿದ್ದವರೊಬ್ಬರು ಹಿಂದಿನ ರಾತ್ರಿಯ ಪಾರ್ಟಿಯ ಕೆಂಗಣ್ಣು ಉಜ್ಜಿಕೊಳ್ಳುತ್ತಾ ಲಿವರಿಗೆ ಕಷಾಯದ ಪುಡಿ ಕೇಳಿದರು.

“ಇದನ್ನ ಡ್ರಿಂಕ್ಸ್‌ಗೆ ಮುಂಚೆ ತಗೋಬೇಕಾ, ಆಮೇಲಾ?”

ಎಷ್ಟೋ ಸಂಶೋಧಕರು ತಲೆಕೆಡಿಸಿಕೊಂಡ ಪ್ರಶ್ನೆ. ಅಂಗಡಿಯವರು ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಹೇಳಿದರು:

“ಅದು ನಿಮ್ಮಿಷ್ಟ ಸಾರ್. ದುಡ್ಡು ಮಾತ್ರ ಮುಂಚೆ.”