ರಾಯರ ಮನೆಗೆ ಅಂತರ್ಜಾಲ

ನಿವೃತ್ತ ಶಿರಸ್ತೇದಾರರಾದ ರಾಯರು ಕನ್ನಡಕವನ್ನೇರಿಸಿ, ಇಂಟರ್‌ನೆಟ್ಟಿನ ಹುಡುಗನು ತಂದಿತ್ತ ಕರಪತ್ರವನ್ನು, ನಕ್ಷತ್ರಚಿಹ್ನೆಯ ಆಶ್ರಯದಲ್ಲಿ ಅಡಗಿದ್ದ ಸಾಸಿವೆಗಾತ್ರದ ಅಕ್ಷರಗಳನ್ನೂ ಬಿಡದೆ, ಆದ್ಯಂತವಾಗಿ ಪಾರಾಯಣ ಮಾಡಿ ತಲೆಯೆತ್ತಿದರು.

“ನೂರು ಎಂಬಿ ವೇಗವೆಂದಿದೆಯಲ್ಲಪ್ಪಾ, ಅಂದಮೇಲೆ ನೂರು ಎಂಬಿಯ ಕಡತವು ಒಂದೇ ಸೆಕೆಂಡಿನಲ್ಲಿ ಇಳಿಯತಕ್ಕದ್ದಷ್ಟೆ?”

“ಇದು ಬಿಟ್ ಲೆಕ್ಕ ಸಾರ್, ಬೈಟ್ ಅಲ್ಲ. ಎಂಟರಿಂದ ಭಾಗಿಸ್ಬೇಕು. ಹನ್ನೆರಡೂವರೆ ಬರುತ್ತೆ.”

“ಅನ್‌ಲಿಮಿಟೆಡ್ ಎಂಬುದನ್ನು ಎಷ್ಟರಿಂದ ಭಾಗಿಸಬೇಕು?”

“ಅದಕ್ಕೊಂದು ಲಿಮಿಟ್ ಇದೆ ಸಾರ್. ದಾಟಿದ್ರೆ ನಿಲ್ಲಲ್ಲ, ನಿಧಾನ ಆಗುತ್ತೆ.”

ಅನಂತಕ್ಕೆ ಎಲ್ಲೆಗಟ್ಟುವ ಈ ಸಿದ್ಧಿಯು ನಮ್ಮ ವೇದಾಂತಿಗಳಿಗೂ ದುರ್ಲಭವಾಗಿದ್ದಿತೆಂಬುದನ್ನು ಒಪ್ಪಲೇಬೇಕು.

“ಬಾಡಿಗೆ 500 ರೂಪಾಯಿ ತಾನೆ?”

“ಜಿಎಸ್‌ಟಿ 18 ಪರ್ಸೆಂಟ್ ಸೇರಿ 590.”

“ನಮ್ಮಲ್ಲಿ ತಾಮ್ರದ ಹಳೆಯ ಟೆಲಿಫೋನ್ ತಂತಿಯುಂಟಲ್ಲ?”

“ಎಕ್ಸ್‌ಚೇಂಜ್ ದೂರ ಆದಷ್ಟೂ ಅದರಲ್ಲಿ ಸ್ಪೀಡ್ ಬೀಳುತ್ತೆ ಸಾರ್. ಫೈಬರ್ ಅಂದ್ರೆ ಗಾಜಿನ ಎಳೆ, ಬೆಳಕಲ್ಲೇ ಓಡುತ್ತೆ.”

“ವಿದ್ಯುತ್ತು ಹೋದಾಗ?”

“ಬೆಳಕು ಮನೇವರೆಗೂ ಬರುತ್ತೆ. ರೂಟರ್‌ಗೆ ಮಾತ್ರ ಯುಪಿಎಸ್ ಹಾಕ್ಸ್ಕೋಬೇಕು.”

“ದೇವರಕೋಣೆಯವರೆಗೆ ವೈಫೈ ತಲುಪುವುದೋ?”

“ಗೋಡೆ ಕಲ್ಲಿಂದು ಸಾರ್, ಇನ್ನೊಂದು ಡಬ್ಬಿ ಬೇಕಾಗುತ್ತೆ.”

ದೇವರಿಗೆ ಸದ್ಯಕ್ಕೆ ಈ ಉಪಾಧಿಯಿಂದ ವಿನಾಯಿತಿಯನ್ನಿತ್ತು, ರಾಯರು ಶಿರಸ್ತೇದಾರಿಕೆಯ ಕಾಲದ ಅಂತಿಮಾಸ್ತ್ರವನ್ನು ಪ್ರಯೋಗಿಸಿದರು:

“ನಿನ್ನ ಮನೆಯಲ್ಲಿ ಯಾವ ಪ್ಲಾನು?”

“ನಮ್ದು ಮೊಬೈಲ್ ಹಾಟ್‌ಸ್ಪಾಟ್ ಸಾರ್.”