ಗೆದ್ದರೆ ಮೊದಲ ಕೆಲಸ

2025ರ ಕೊನೆ. ಬೆಂಗಳೂರಿನ ಒಂದು ದರ್ಶಿನಿ, ಬೈಟು ಕಾಫಿ. ಎದುರುಬದುರು ಕಾರ್ಪೊರೇಟರ್ ಟಿಕೆಟ್‌ನ ಯುವ ಆಕಾಂಕ್ಷಿ, ನಿವೃತ್ತ ಮೇಷ್ಟ್ರು.

“ಗೆದ್ದರೆ ಮೊದಲು ಕುಡಿಯೋ ನೀರು, ಸಾರ್!”

“ಅದು ಜಲಮಂಡಳಿದು.”

“ಬಡಾವಣೆಗೆ ಬಸ್ಸು?”

“ಬಿಎಂಟಿಸಿ.”

“ಜೋತಾಡೋ ತಂತಿ?”

“ಬೆಸ್ಕಾಂ. ಉಳಿದವು ಯಾರವು ಅಂತ ಕಂಬಕ್ಕೂ ಗೊತ್ತಿಲ್ಲ.”

“ಕಸ?”

“ಅದಕ್ಕೂ ಈಗ ಬೇರೆ ಕಂಪನಿ.”

“ನನಗೇನು ಉಳೀತು?”

“ಗುಂಡಿ, ಚರಂಡಿ, ಹುಟ್ಟುಹಬ್ಬದ ಫ್ಲೆಕ್ಸು.”

ಹುಡುಗ ಸೋಲುವ ಜಾತಿಯಲ್ಲ. (ಟಿಕೆಟ್ ಇನ್ನೂ ಸಿಕ್ಕಿಲ್ಲ, ಅದಕ್ಕೇ ಈ ಹುರುಪು.)

“ತಿಂಗಳಿಗೊಮ್ಮೆ ವಾರ್ಡ್ ಸಮಿತಿ ಸಭೆ. ಪ್ರತಿ ಕಾಮಗಾರಿ ಬಿಲ್ಲನ್ನೂ ಬೀದಿ ಕೊನೆಯ ಬೋರ್ಡಿನಲ್ಲಿ ಬರೆಸ್ತೀನಿ!”

ಮೇಷ್ಟ್ರು ಲೋಟ ಕೆಳಗಿಟ್ಟರು. “ಗುತ್ತಿಗೆದಾರರ ಮುಂದೆ ಹೀಗಂದೆಯಾ?”

“ಇಲ್ಲ.”

“ಪಕ್ಷದವರ ಮುಂದೆ?”

“ಇಲ್ಲ.”

“ಹಾಗಾದರೆ ಟಿಕೆಟ್ ಸಿಗಬಹುದು. ಅಂದಹಾಗೆ, ಹಿಂದಿನ ಪಾಲಿಕೆ ಚುನಾವಣೇಲಿ ಯಾರಿಗೆ ವೋಟು ಹಾಕಿದೆ?”

“ಆಗ ಹತ್ತನೇ ಕ್ಲಾಸು, ಸಾರ್.”

ಲೆಕ್ಕ ಸರಿಯಾಗಿದೆ. ಆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಆ ವರ್ಷ ಮುಗಿದರೂ ಐದರಲ್ಲೂ ಚುನಾಯಿತ ಕಾರ್ಪೊರೇಟರು ಒಬ್ಬರೂ ಇರಲಿಲ್ಲ.