ಬಚ್ಚಲ ಬಾಗಿಲಿಗೂ ಗಂಟೆ

ಬಸವನಗುಡಿಯಲ್ಲಿ ಮನೆ ಕಟ್ಟಿಸುವವರಿಗೆ ದೇವರ ಮನೆಯ ಬಾಗಿಲೆಂದರೆ ಚೌಕ ಚೌಕವಾಗಿ ಕೊರೆದಿರಬೇಕು, ಚೌಕಕ್ಕೊಂದು ಪುಟ್ಟ ಹಿತ್ತಾಳೆ ಗಂಟೆ ತೂಗಬೇಕು. ಮನೆಯಾಕೆ ಇಷ್ಟು ಹೇಳಿ, ಕಾಫಿ ಮುಗಿಸಿ ಹೊರಡುತ್ತಾರೆ. ಆರ್ಕಿಟೆಕ್ಟ್ ಆಫೀಸಿನ ಡ್ರಾಫ್ಟ್ಸ್‌ಮನ್ ನಕ್ಷೆ ಬಿಡಿಸುವ ಸಾಫ್ಟ್‌ವೇರಾದ ಆಟೋಕ್ಯಾಡ್‌ನಲ್ಲಿ ದೇವರ ಮನೆಯ ಬಾಗಿಲಿನ ಮೇಲೆ ಎರಡು ಸಲ ಕ್ಲಿಕ್ಕಿಸಿ, ಶ್ರದ್ಧೆಯಿಂದ ಒಂದೊಂದೇ ಗಂಟೆ ಬಿಡಿಸಿ, ಸೇವ್ ಒತ್ತುತ್ತಾನೆ. ನಕ್ಷೆಗೆ ಮರಳಿದರೆ ಅಡುಗೆಮನೆ, ಮಲಗುವ ಕೋಣೆ, ಸ್ಟೋರು, ಎಲ್ಲ ಬಾಗಿಲಿಗೂ ಗಂಟೆ. ಎರಡೂವರೆ ಅಡಿಗೆ ಕುಗ್ಗಿಸಿ ಹಾಕಿದ್ದ ಬಚ್ಚಲ ಬಾಗಿಲಲ್ಲಂತೂ ಗಂಟೆಗಳು ಇಕ್ಕಟ್ಟಿಗೆ ಸಿಕ್ಕಿ ಮೊಟ್ಟೆಯಾಕಾರಕ್ಕೆ ತಿರುಗಿವೆ. ಒಳಗೆ ಹೋಗುವವರು ಬಾರಿಸಿಯೇ ಹೋಗಬೇಕು.

ಇದು ಬ್ಲಾಕಿನ ಮಹಿಮೆ. ನಕ್ಷೆಯಲ್ಲಿ ಹತ್ತಾರು ಬಾಗಿಲು ಕಂಡರೂ ಫೈಲಿನೊಳಗೆ ಇರುವುದು ಒಂದೇ. ಉಳಿದದ್ದೆಲ್ಲ ‘ಆ ಬಾಗಿಲನ್ನು ಇಲ್ಲಿ, ಇಷ್ಟು ಅಗಲಕ್ಕೆ, ಇಷ್ಟು ತಿರುಗಿಸಿ ತೋರಿಸು’ ಎಂಬ ಚೀಟಿ. ಫೈಲು ಹಗುರ, ಕೆಲಸವೂ ಹಗುರ. ಚೌಕಟ್ಟು ಮೂರಿಂಚು ಬೇಡ, ನಾಲ್ಕಿಂಚು ಇರಲಿ ಎಂದು ಮಾಲೀಕರು ಮನಸ್ಸು ಬದಲಾಯಿಸಿದರೆ ಒಂದು ಕಡೆ ತಿದ್ದಿದರಾಯಿತು. ಚಕ್ಕುಲಿ ಒರಳಿನ ಬಿಲ್ಲೆ ಬದಲಾಯಿಸಿದರೆ ಮುಂದೆ ಒತ್ತುವ ಚಕ್ಕುಲಿ ಮಾತ್ರ ಬದಲಾಗುತ್ತದೆ. ಇಲ್ಲಿ ಹಾಗಲ್ಲ, ನಿನ್ನೆ ಕರಿದು ಡಬ್ಬಿಗೆ ತುಂಬಿಟ್ಟ ಚಕ್ಕುಲಿಗಳೂ ರಾತ್ರೋರಾತ್ರಿ ರಿಬ್ಬನ್ ಪಕೋಡ ಆಗಿಬಿಡುತ್ತವೆ.

ಈ ಉಪಕಾರದ ಮೂಲಪುರುಷ ಐವನ್ ಸದರ್ಲೆಂಡ್. 1963ರಲ್ಲಿ ಎಂಐಟಿಗೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧಕ್ಕಾಗಿ ಟಿಎಕ್ಸ್-2 ಎಂಬ ಕಂಪ್ಯೂಟರಿನ ಪರದೆಯ ಮೇಲೆ ಲೈಟ್ ಪೆನ್ನಿನಿಂದ ಗೆರೆ ಎಳೆಯುವ ‘ಸ್ಕೆಚ್‌ಪ್ಯಾಡ್’ ಅನ್ನು ಅವರು ಸಿದ್ಧಪಡಿಸಿದರು. ಒಂದು ಮೂಲಚಿತ್ರ, ಅದರ ಎಷ್ಟಾದರೂ ಪ್ರತಿಗಳು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಾವೇ ತಿದ್ದಿಕೊಳ್ಳಬೇಕು. ಷಟ್ಕೋನಗಳನ್ನು ಜೋಡಿಸಿದ ಹಾಸಿನಲ್ಲಿ ಮೂಲದ ಆಕಾರವೊಂದನ್ನು ಬದಲಿಸಿದರೆ ಇಡೀ ಹಾಸು ಮೀನಿನ ಹುರುಪೆಯ ವಿನ್ಯಾಸವಾಗುತ್ತದೆ ಎಂಬ ಉದಾಹರಣೆಯೂ ಆ ಪ್ರಬಂಧದಲ್ಲಿದೆ. 1988ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ನ್ಯಾಯವೇ. ಬಸವನಗುಡಿಯ ದೇವರ ಮನೆ ಮಾತ್ರ ಅವರ ಗಮನಕ್ಕೆ ಬಂದಿರಲಾರದು.

1982ರಲ್ಲಿ ಆಟೋಕ್ಯಾಡ್ ಹುಟ್ಟುವ ಮುಂಚೆ, ಅದು ಹುಟ್ಟಿ ನಮ್ಮೂರಿಗೆ ತಲುಪುವ ತನಕವೂ, ಚಾಮರಾಜಪೇಟೆಯ ಮಹಡಿ ಮೇಲಿನ ಆಫೀಸುಗಳಲ್ಲಿ ಈ ತಾಪತ್ರಯ ಇರಲಿಲ್ಲ. ಕಮೋಡು, ಬೇಸಿನ್ನುಗಳ ಆಕಾರದಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಟೆಂಪ್ಲೇಟನ್ನು ಟ್ರೇಸಿಂಗ್ ಹಾಳೆಯ ಮೇಲಿಟ್ಟು ಪೆನ್ನು ಸುತ್ತಿಸುತ್ತಿದ್ದರು. ಒಂದು ಬಾಗಿಲು ಬದಲಾಗಬೇಕೇ? ಅರ್ಧ ಬ್ಲೇಡು ತೆಗೆದುಕೊಂಡು ಆ ಬಾಗಿಲಿನ ಇಂಕನ್ನಷ್ಟೇ ಹಗುರವಾಗಿ ಕೆರೆಯುವುದು. ಪಕ್ಕದ ಬಾಗಿಲಿಗೆ ಸುದ್ದಿಯೂ ತಿಳಿಯುತ್ತಿರಲಿಲ್ಲ.

ಈಗ ಅದೊಂದನ್ನೇ ತಿದ್ದುವುದಕ್ಕೆ ದಾರಿಗಳಿಲ್ಲವೆಂದಲ್ಲ, ದಾರಿಗಳು ಜಾಸ್ತಿ. ಎಲ್ಲರ ಕೈ ಮೊದಲು ಹೋಗುವುದು ಎಕ್ಸ್‌ಪ್ಲೋಡ್‌ಗೆ. ಎಕ್ಸ್ ಒತ್ತಿ ಎಂಟರ್ ಹೊಡೆದರೆ ಬಾಗಿಲು ಒಡೆದು ಬಿಡಿ ಗೆರೆಗಳಾಗುತ್ತದೆ. ತಾವೆಲ್ಲ ಸೇರಿ ಒಂದು ಬಾಗಿಲಾಗಿದ್ದೆವು ಎಂಬ ನೆನಪು ಆ ಗೆರೆಗಳಿಗಿಲ್ಲ. ಸರಿಸಲು ಹೋದರೆ ಹಿಡಿಕೆ ಹಿಂದೆಯೇ ಉಳಿಯುತ್ತದೆ. ಬ್ಲಾಕುಗಳನ್ನು ಎಣಿಸಲೆಂದು 2022ರ ಆವೃತ್ತಿಯಲ್ಲಿ ಬಂದ ಕೌಂಟ್ ಸೌಕರ್ಯದ ಲೆಕ್ಕದಲ್ಲಿ ದೇವರ ಮನೆಗೆ ಬಾಗಿಲೇ ಇರುವುದಿಲ್ಲ. ಮೇಲೆ ‘ಡಿ1’ ಎಂಬ ಅಟ್ರಿಬ್ಯೂಟ್ ಅಂಟಿಸಿದ್ದರೆ ಅದೂ ಮಾಯವಾಗಿ, ಆ ಜಾಗದಲ್ಲಿ ‘ಡೋರ್ ನಂಬರ್’ ಎಂಬ ಅದರ ಟ್ಯಾಗು ಎದ್ದು ಕೂರುತ್ತದೆ. (ಎಕ್ಸ್‌ಪ್ರೆಸ್ ಟೂಲ್ಸಿನ ಬರ್ಸ್ಟ್ ಬಳಸಿದರೆ ಅಕ್ಷರ ಉಳಿಯುತ್ತದೆ. ಅದು ಗೊತ್ತಿರುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಅಂದು ಅವರು ರಜೆ.)

ಇದ್ದಲ್ಲೇ ತಿದ್ದುವ ‘ಎಡಿಟ್ ಇನ್-ಪ್ಲೇಸ್’ ಇನ್ನೂ ಮೋಸ. ಸುತ್ತಲಿನದೆಲ್ಲ ಮಸುಕಾಗಿ ಆ ಬಾಗಿಲೊಂದೇ ಎದ್ದು ಕಾಣುವುದರಿಂದ ಬದಲಾಗುವುದೂ ಅದೊಂದೇ ಎಂದು ಹೊಸಬರು ನಂಬುತ್ತಾರೆ. ಸೇವ್ ಮಾಡಿದಾಗ ಮತ್ತೆ ಬಚ್ಚಲಲ್ಲಿ ಗಂಟೆ.

ಶಾಸ್ತ್ರೋಕ್ತ ವಿಧಾನವೆಂದರೆ ಬ್ಲಾಕ್ ಎಡಿಟರಿನಲ್ಲಿ ಹೊಸ ಹೆಸರು ಕೊಟ್ಟು ಉಳಿಸುವುದು. ಹಾಗೆ ಉಳಿಸಿದ ಹೊಸ ಬಾಗಿಲು ಉಗ್ರಾಣದಲ್ಲಿ ಕೂತಿರುತ್ತದೆ. ದೇವರ ಮನೆಯಲ್ಲಿ ನಿಂತಿರುವುದು ಹಳೆಯದೇ. ಅದನ್ನು ತೆಗೆದು ಅದೇ ಬಿಂದುವಿಗೆ ಹೊಸದನ್ನು ತಂದಿಡಬೇಕು. ಸ್ಕೆಚ್‌ಅಪ್ ಎಂಬ ಇನ್ನೊಂದು ಸಾಫ್ಟ್‌ವೇರಿನವರಿಗೆ ಇದು ಬಲ ಕ್ಲಿಕ್ಕಿನ ‘ಮೇಕ್ ಯೂನಿಕ್’ನಲ್ಲಿ ಮುಗಿಯುತ್ತದೆ ಎಂದು ಕೇಳಿ ಆಟೋಕ್ಯಾಡ್‌ನವರು ಹೊಟ್ಟೆ ಉರಿದುಕೊಳ್ಳುತ್ತಾರೆ, ಅವರಲ್ಲಿ ಗಟ್ಟಿಗರು ಆಟೋಲಿಸ್ಪ್‌ನಲ್ಲಿ ತಮ್ಮದೇ ಒಂದು ಆಜ್ಞೆ ಬರೆದುಕೊಂಡಿರುತ್ತಾರೆ. 2006ರ ಆವೃತ್ತಿಯಲ್ಲಿ ಡೈನಾಮಿಕ್ ಬ್ಲಾಕ್ ಬಂತು. ಗಂಟೆ ಇರುವ ಬಾಗಿಲು, ಇಲ್ಲದ ಬಾಗಿಲು, ಎಡಕ್ಕೆ ತೆರೆಯುವುದು, ಬಲಕ್ಕೆ ತೆರೆಯುವುದು ಎಲ್ಲವನ್ನೂ ಒಂದರೊಳಗೇ ಹುದುಗಿಸಿಟ್ಟರೆ ಪ್ರತಿಯೊಂದು ಪ್ರತಿಗೂ ಬೇಕಾದ ರೂಪ ಆರಿಸಬಹುದು. ನಿಜಕ್ಕೂ ಸೊಗಸಾದ ಏರ್ಪಾಡು. ಗಿರಾಕಿ ಏನೇನು ಕೇಳಬಹುದು ಎಂಬುದನ್ನು ಮುಂಚೆಯೇ ಊಹಿಸಿರಬೇಕು, ಅಷ್ಟೇ. ವಾಸ್ತು ಹೇಳುವವರು ಮನೆಗೆ ಬಂದು ಹೋದ ಮೇಲೆ ಆ ಊಹೆ ಯಾರಿಂದಲೂ ಸಾಧ್ಯವಿಲ್ಲ.

ಹಳೇ ಬೆಂಗಳೂರಿನಲ್ಲಿ ಈ ‘ಇದೊಂದು ಬೇರೆ ಇರಲಿ’ ಎಂಬ ಬೇಡಿಕೆ ಹೊಸದೇನಲ್ಲ. 1892ರ ಚಾಮರಾಜಪೇಟೆ, 1898ರ ಪ್ಲೇಗಿನ ಬೆನ್ನಲ್ಲೇ ಬೆಳೆದ ಮಲ್ಲೇಶ್ವರ, ಬಸವನಗುಡಿ, ಎಲ್ಲವೂ ಪಟ್ಟಿ ಹಿಡಿದು ಗೆರೆ ಎಳೆದ ಬಡಾವಣೆಗಳು: ಮೇನು, ಕ್ರಾಸು, ಸಾಲುಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಕಾಗದದ ಮೇಲೆ ಎಲ್ಲ ಕಾಪಿ-ಪೇಸ್ಟು, ರಸ್ತೆಗಿಳಿದರೆ ಎರಡು ಮನೆ ಒಂದೇ ಥರ ಇಲ್ಲ. ಕಿಟಕಿ, ಪೋರ್ಟಿಕೋಗಳ ಮೇಲೆ ಮರದ ಪಟ್ಟಿ ಹೊಡೆದು ಚೂಪಾಗಿ ಎತ್ತಿದ ಮಂಕಿ ಟಾಪನ್ನೇ ನೋಡಿ. ಉಳಿದಿರುವ ಕೆಲವು ಬಂಗಲೆಗಳಿಗೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಅಳತೆ ಚಿತ್ರ ಬರೆಯಲು ಟೇಪು ಹಿಡಿದು ಹೋಗುತ್ತಾರೆ. ಒಂದು ಕಿಟಕಿಯನ್ನು ಪಟ್ಟಿ ಪಟ್ಟಿ ಅಳೆದು, ಬ್ಲಾಕ್ ಮಾಡಿ, ನಾಲ್ಕು ಕಡೆ ಕೂರಿಸಿ ಬೋಂಡಾ ತಿನ್ನಲು ಹೊರಡುವಾಗ ನಾಲ್ಕನೆಯ ಕಿಟಕಿ ಕಣ್ಣಿಗೆ ಬೀಳುತ್ತದೆ: ಎರಡು ಪಟ್ಟಿ ಉದುರಿಹೋಗಿ ಯಾರೋ ತಗಡು ಹೊಡೆದಿದ್ದಾರೆ. ಅಳತೆ ಚಿತ್ರದಲ್ಲಿ ಇದ್ದದ್ದು ಇದ್ದ ಹಾಗೆಯೇ ಬರಬೇಕು. ತಗಡನ್ನು ಬ್ಲಾಕಿನೊಳಗೆ ಬರೆದರೆ ಮನೆಪೂರ್ತಿ ತಗಡು.

ನಮ್ಮ ಡ್ರಾಫ್ಟ್ಸ್‌ಮನ್ ಕೊನೆಗೆ ಹಿಡಿಯುವುದು ಎಲ್ಲರೂ ಗುಟ್ಟಾಗಿ ಹಿಡಿಯುವ ಒಳದಾರಿ. ಬಾಗಿಲನ್ನು ಒಡೆದು, ಗಂಟೆ ಬರೆದು, ಕಟ್ ಮಾಡಿ, ಕಂಟ್ರೋಲ್-ಶಿಫ್ಟ್-ವಿ ಒತ್ತಿ ಅದೇ ಜಾಗಕ್ಕೆ ಪೇಸ್ಟ್ ಆ್ಯಸ್ ಬ್ಲಾಕ್. ಅದೀಗ ಸ್ವತಂತ್ರ ಬಾಗಿಲು, ಬಚ್ಚಲಿಗೆ ತೊಂದರೆಯಿಲ್ಲ. ಹೆಸರನ್ನು ಮಾತ್ರ ಸಾಫ್ಟ್‌ವೇರೇ ಇಡುತ್ತದೆ: ಎ, ಡಾಲರ್ ಚಿಹ್ನೆ, ಸಿ, ಅದರ ಹಿಂದೆ ಅಕ್ಷರ ಅಂಕಿಗಳ ಬಾಲ. ಬದಲಾಯಿಸಬಹುದು, ಆದರೆ ಸಂಜೆ ಆರಾಗಿರುತ್ತದೆ. ಮರುದಿನ ಬಾಗಿಲುಗಳ ಪಟ್ಟಿ ತೆಗೆದು ಪ್ರಿಂಟ್ ಹಾಕಿದಾಗ ಡಿ1 ಒಂದು, ಡಿ2 ಆರು, ಡಿ3 ನಾಲ್ಕು, ಅದರ ಕೆಳಗೆ ಈ ನಾಮಧೇಯ, ಒಂದು. ಸೈಟಿನಲ್ಲಿ ಬಡಗಿ ಪಟ್ಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದುತ್ತಾನೆ. ಡಿ ಅಂದರೆ ಡೋರು, ಡಬ್ಲ್ಯು ಅಂದರೆ ವಿಂಡೋ ಎಂದು ಬಲ್ಲ ಹಳಬ ಅವನು.

‘ಇದ್ಯಾವುದು ಸಾರ್, ಡಾಲರ್ ಬಾಗಿಲು? ತೇಗದಲ್ಲಿ ಮಾಡ್ಲಾ, ಹೊನ್ನೆ ಸಾಕಾ?’